ಸೇತುವೆಯಾಚೆಯ ಲೈಸೆನ್ಸ್

ನಾನಿರುವ ಊರು ಅಯೋವಾ ರಾಜ್ಯದ ಡುಬ್ಯೂಕ್. ಮಿಸಿಸಿಪಿ ನದಿಯ ದಂಡೆಯ ಊರು. ಒಂದು ಸೇತುವೆ ದಾಟಿದರೆ ಇಲಿನಾಯ್, ಇನ್ನೊಂದು ದಾಟಿದರೆ ವಿಸ್ಕಾನ್ಸಿನ್. ಇಲ್ಲಿಯ ಜನ ಕೆಲಸಕ್ಕೆ, ಚರ್ಚಿಗೆ, ಮೊಮ್ಮಕ್ಕಳನ್ನು ನೋಡಲಿಕ್ಕೆ ಅಂತ ದಿನಕ್ಕೆರಡು ಸಲ ರಾಜ್ಯ ಬದಲಿಸುತ್ತಾರೆ. ಡಾಕ್ಟರ ಲೈಸೆನ್ಸ್ ಮಾತ್ರ ನದಿ ದಾಟುವುದಿಲ್ಲ.

ನಾನು ಸಕ್ಕರೆ ಕಾಯಿಲೆ, ಥೈರಾಯ್ಡ್ ನೋಡುವವಳು. ಎರಡು ತಿಂಗಳ ಸಕ್ಕರೆ ಲೆಕ್ಕ ಕಣ್ಣ ಮುಂದಿದ್ದರೆ ಮುಕ್ಕಾಲು ಕೆಲಸ ವಿಡಿಯೊದಲ್ಲೇ ಮುಗಿಯುತ್ತದೆ. ಕೋವಿಡ್ ಹೊತ್ತಿನಲ್ಲಿ ರಾಜ್ಯಗಳು ನಿಯಮ ಸಡಿಲಿಸಿದ್ದವು, ಯಾರು ಎಲ್ಲಿದ್ದರೂ ಮಾತಾಡಿಸುತ್ತಿದ್ದೆ. ಸಡಿಲಿಕೆ ಹೋದ ಮೇಲೆ ಹಳೆಯ ನಿಯಮವೇ ಗಟ್ಟಿಯಾಯಿತು: ಡಾಕ್ಟರು ಎಲ್ಲಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ, ರೋಗಿ ಕೂತಿರುವ ರಾಜ್ಯದ ಲೈಸೆನ್ಸ್ ಬೇಕು.

ಒಂದು ಜನವರಿ ಬೆಳಿಗ್ಗೆ ವಿಡಿಯೊ ತೆರೆದರೆ ನನ್ನ ಹಳೆಯ ರೋಗಿಯೊಬ್ಬರು ಪಿಕಪ್ ಗಾಡಿಯೊಳಗೆ ಕೂತಿದ್ದರು. ಎಪ್ಪತ್ತು ದಾಟಿದವರು, ವಿಸ್ಕಾನ್ಸಿನ್ ಕಡೆ ಹಸು ಕಟ್ಟಿಕೊಂಡು ಹೈನು ಮಾಡುವವರು. ಗಾಜಿನ ತುಂಬ ಉಸಿರಿನ ಮಂಜು, ಹಿಂದೆ ಪೆಟ್ರೋಲ್ ಬಂಕಿನ ದೀಪ. ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು, ಸಕ್ಕರೆ ಬರೆದ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದರು. “ನಿಮ್ಮ ಲೈಸೆನ್ಸ್ ಈ ದಡದಲ್ಲಿದೆಯಲ್ಲ ಡಾಕ್ಟ್ರೇ, ಅದಕ್ಕೆ ಸೇತುವೆ ದಾಟಿ ಬಂದೆ” ಅಂದರು. ಹಿಮ ಬೀಳುತ್ತಿತ್ತು. ಇನ್ಸುಲಿನ್ ತೆಗೆದುಕೊಳ್ಳುವ ಮನುಷ್ಯ, ಬೆಳಗಿನ ತಿಂಡಿ ಆಗಿದೆಯೋ ಇಲ್ಲವೋ. ಅವತ್ತು ಸಂಜೆಯೇ ಅರ್ಜಿ ಹಾಕಲು ಕೂತೆ.

ಡಾಕ್ಟರಿಗೆ ಲೈಸೆನ್ಸ್ ಕೊಡುವ ರಾಜ್ಯಗಳ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1889ರಲ್ಲೇ, ವೆಸ್ಟ್ ವರ್ಜೀನಿಯಾದ ಡೆಂಟ್ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಅದನ್ನು ಯಾವ ರಾಜ್ಯವೂ ಬಿಟ್ಟುಕೊಡುವುದಿಲ್ಲ. ಅದನ್ನು ಹಾಗೇ ಉಳಿಸಿಕೊಂಡು ದಾರಿ ಹತ್ತಿರ ಮಾಡಿದ್ದು ಇಂಟರ್‌ಸ್ಟೇಟ್ ಮೆಡಿಕಲ್ ಲೈಸೆನ್ಶರ್ ಕಾಂಪ್ಯಾಕ್ಟ್. ಇದು ರಾಜ್ಯ ರಾಜ್ಯಗಳ ನಡುವಿನ ಒಪ್ಪಂದ. 2015ರಲ್ಲಿ ಜಾರಿಗೆ ಬಂತು, 2017ರಿಂದ ಇದರಡಿ ಲೈಸೆನ್ಸ್ ಸಿಗುತ್ತಿದೆ. ಈಗ 40ಕ್ಕೂ ಹೆಚ್ಚು ರಾಜ್ಯಗಳಿವೆ. ಕ್ಯಾಲಿಫೋರ್ನಿಯಾ ಇದರಲ್ಲಿ ಸೇರಿಲ್ಲ. ಒಂದು ವಿಷಯ ಸ್ಪಷ್ಟವಿರಲಿ, ಇದು ಎಲ್ಲ ಕಡೆ ನಡೆಯುವ ಒಂದೇ ಲೈಸೆನ್ಸ್ ಅಲ್ಲ. ನರ್ಸುಗಳ ಒಪ್ಪಂದದಲ್ಲಿ ಹಾಗಿದೆ. ನಮಗೆ ಪ್ರತಿ ರಾಜ್ಯವೂ ತನ್ನದೇ ಪೂರ್ಣ ಲೈಸೆನ್ಸ್ ಕೊಡುತ್ತದೆ, ಪ್ರತಿಯೊಂದಕ್ಕೂ ಶುಲ್ಕ ಬೇರೆ.

ಹಾಗಾದರೆ ಲಾಭವೇನು? ಕರ್ನಾಟಕದಲ್ಲಿ ಓದಿ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಯೋವಾದಲ್ಲಿ ಮೊದಲ ಲೈಸೆನ್ಸ್ ಮಾಡಿಸುವಾಗ ನಾನು ಓದಿದ ಕಾಲೇಜಿನಿಂದ ದೃಢೀಕರಣ ಬೇಕಿತ್ತು. ಲಕೋಟೆ ಅಂಟಿಸಿ, ಅಂಟಿನ ಮೇಲೇ ಮೊಹರು ಬೀಳಬೇಕು. ಅದಕ್ಕಾಗಿ ಅಪ್ಪ ಮೂರು ಸಲ ಬಸ್ಸು ಹತ್ತಿದರು. ಎಂಬಿಬಿಎಸ್ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದು ಊರಿನ ಹೆಸರೂ ಅಪ್ಪನ ಹೆಸರೂ ಆಗಿವೆ. ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಒಟ್ಟು ನಾಲ್ಕು ತಿಂಗಳು. ಒಪ್ಪಂದದ ಪ್ರಕಾರ, ನಿಮ್ಮ ಮುಖ್ಯ ರಾಜ್ಯ ಒಮ್ಮೆ ಮೂಲದಿಂದಲೇ ಪರಿಶೀಲಿಸಿದ ಓದು, ರೆಸಿಡೆನ್ಸಿ (ಓದಿನ ನಂತರದ ಆಸ್ಪತ್ರೆ ತರಬೇತಿ), ಪರೀಕ್ಷೆಯ ಫಲಿತಾಂಶಗಳನ್ನು ಉಳಿದ ರಾಜ್ಯಗಳು ಮತ್ತೆ ಮೂಲದಿಂದ ಕೇಳುವಂತಿಲ್ಲ. ಅಪ್ಪ ಈಗಿಲ್ಲ. ಆ ಲಕೋಟೆ ಇನ್ನೊಮ್ಮೆ ಬೇಕಾಗಲಿಲ್ಲ ಎನ್ನುವುದು ನನಗೆ ದೊಡ್ಡ ಸಮಾಧಾನ.

ಮುಖ್ಯ ರಾಜ್ಯ ಅಂದರೆ ನೀವು ವಾಸವಿರುವ ರಾಜ್ಯ, ಅಥವಾ ನಿಮ್ಮ ವೃತ್ತಿಯ ಕನಿಷ್ಠ ಶೇ. 25 ನಡೆಯುವ ರಾಜ್ಯ, ಅಥವಾ ನಿಮ್ಮ ಉದ್ಯೋಗದಾತರು ಇರುವ ರಾಜ್ಯ. ಮೂರೂ ಹೊಂದದಿದ್ದರೆ ಫೆಡರಲ್ ಆದಾಯ ತೆರಿಗೆಗೆ ವಾಸದ ರಾಜ್ಯವೆಂದು ಕೊಟ್ಟದ್ದನ್ನು ತೋರಿಸಬಹುದು. ಅಲ್ಲಿ ನಿರ್ಬಂಧವಿಲ್ಲದ ಪೂರ್ಣ ಲೈಸೆನ್ಸ್ ಇರಲೇಬೇಕು. ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆಯ ಪ್ರತಿ ಹಂತವೂ ಮೂರು ಪ್ರಯತ್ನದೊಳಗೆ ಪಾಸಾಗಿರಬೇಕು, ತಮ್ಮ ವಿಶೇಷ ವಿಭಾಗದ ಪ್ರಮಾಣಪತ್ರ, ಅಂದರೆ ಬೋರ್ಡ್ ಸರ್ಟಿಫಿಕೇಷನ್ ಇರಬೇಕು, ಶಿಸ್ತುಕ್ರಮ, ಅಪರಾಧ ಯಾವುದೂ ಇರಬಾರದು. ಅರ್ಜಿಗೆ 700 ಡಾಲರ್. ಅರ್ಹತೆ ಇಲ್ಲವೆಂದಾದರೂ ಹಣ ವಾಪಸ್ಸಿಲ್ಲ, ಹಾಗಾಗಿ ಷರತ್ತುಗಳನ್ನು ಎರಡು ಸಲ ಓದಿ ಕಟ್ಟಿ.

ನಾನು ತಡೆದು ನಿಂತದ್ದು ಅಪರಾಧ ಹಿನ್ನೆಲೆ ತಪಾಸಣೆಗೆ ಕೊಡುವ ಬೆರಳಚ್ಚಿನಲ್ಲಿ. ದಿನಕ್ಕೆ ಐವತ್ತು ಸಲ ಸ್ಯಾನಿಟೈಜರ್ ಉಜ್ಜಿದ ಕೈ. ಗೆರೆ ಮೂಡಲಿಲ್ಲ, ಕಾರ್ಡ್ ತಿರಸ್ಕೃತವಾಗಿ ಬಂತು. ಒಂದು ವಾರ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಹೋದೆ, ಎರಡನೆಯದು ಸರಿಹೋಯಿತು. ಆರನೇ ವಾರಕ್ಕೆ ಅರ್ಹತಾ ಪತ್ರ ಬಂತು. ವಿಸ್ಕಾನ್ಸಿನ್, ಇಲಿನಾಯ್ ಎರಡನ್ನೂ ಆರಿಸಿ ಶುಲ್ಕ ಕಟ್ಟಿದೆ. ಎರಡು ವಾರದಲ್ಲಿ ಎರಡೂ ಕೈಗೆ ಬಂದವು.

ಲೈಸೆನ್ಸ್ ಬಂದೊಡನೆ ಎಲ್ಲ ಔಷಧಿ ಬರೆಯಬಹುದು ಅಂದುಕೊಳ್ಳಬೇಡಿ. ಟೆಸ್ಟೊಸ್ಟಿರಾನ್ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ; ಅದಕ್ಕೆ ಅಂಥ ಔಷಧಿಗಳ ಮೇಲೆ ಕಣ್ಣಿಡುವ ಫೆಡರಲ್ ಸಂಸ್ಥೆ ಡಿಇಎಯ ನೋಂದಣಿ ರಾಜ್ಯ ರಾಜ್ಯಕ್ಕೂ ನೋಡಿಕೊಳ್ಳಬೇಕು, ಇಲಿನಾಯ್‌ನಲ್ಲಿ ರಾಜ್ಯದ್ದೇ ಇನ್ನೊಂದು ಲೈಸೆನ್ಸ್ ಬೇಕು. ನವೀಕರಣದ ದಿನವೂ ಒಂದೊಂದು ಕಡೆ ಒಂದೊಂದು. ಎಲ್ಲಕ್ಕಿಂತ ಗಂಭೀರವಾದದ್ದು, ಮುಖ್ಯ ರಾಜ್ಯ ಲೈಸೆನ್ಸ್ ಅಮಾನತು ಮಾಡಿದರೆ ಒಪ್ಪಂದದಡಿ ಪಡೆದ ಉಳಿದವೂ ತಾವಾಗಿಯೇ ಅಮಾನತಾಗುತ್ತವೆ. ವೀಸಾ ಮೇಲಿರುವ ನಮ್ಮ ಹುಡುಗ ಹುಡುಗಿಯರು ಇದನ್ನೂ ನೆನಪಿಡಿ: ಲೈಸೆನ್ಸ್ ಎಷ್ಟು ರಾಜ್ಯದ್ದಿದ್ದರೂ ಎಚ್1ಬಿ ಷರತ್ತು ಬದಲಾಗುವುದಿಲ್ಲ, ವಕೀಲರನ್ನು ಮೊದಲು ಕೇಳಿ.

ಈಗ ಪ್ರತಿ ಕರೆಯಲ್ಲೂ ನನ್ನ ಮೊದಲ ಪ್ರಶ್ನೆ, “ಎಲ್ಲಿ ಕೂತಿದ್ದೀರಿ?” ಆ ರೈತರು ಈಗ ತಮ್ಮ ಅಡುಗೆಮನೆಯ ಮೇಜಿನಿಂದಲೇ ಮಾತಾಡುತ್ತಾರೆ. ಕಳೆದ ನವೆಂಬರಿನಲ್ಲಿ ಮಾತ್ರ ಹಿಂದಿನ ಗೋಡೆ ಬೇರೆಯಿತ್ತು. ಚಳಿಗಾಲ ಪೂರ್ತಿ ಮಿನ್ನೆಸೋಟದ ಮಗಳ ಮನೆಯಲ್ಲಿರುತ್ತೇನೆ ಅಂದರು. ಅಲ್ಲಿಯ ಲೈಸೆನ್ಸ್ ನನ್ನ ಬಳಿ ಇರಲಿಲ್ಲ. ಅವತ್ತಿನ ಭೇಟಿ ನಿಲ್ಲಿಸಿದೆ. ಅರ್ಹತಾ ಪತ್ರಕ್ಕೆ 365 ದಿನದ ಆಯಸ್ಸು, ನನ್ನದರಲ್ಲಿ ಇನ್ನೂ ಕೆಲವು ತಿಂಗಳು ಉಳಿದಿತ್ತು. ಅದೇ ಪತ್ರದ ಮೇಲೆ ಮಿನ್ನೆಸೋಟಕ್ಕೂ ಶುಲ್ಕ ಕಟ್ಟಿದೆ.