ಜರ್ಬಿಲ್‌ಗಳ ತೊಟ್ಟಿಗೆ ಮೊದಲು ಬೇಕಾದದ್ದು ಆಳ

ಜರ್ಬಿಲ್‌ಗಳು ಸುರಂಗ ತೋಡಿ ಬದುಕುವ, ಇಲಿಯಂಥ ಪುಟ್ಟ ಪ್ರಾಣಿಗಳಾದ್ದರಿಂದ, ತಂತಿಯ ಪಂಜರಕ್ಕಿಂತ ಬಿಗಿಯಾದ ಜಾಲರಿ ಮುಚ್ಚಳವಿರುವ ಗಾಜಿನ ತೊಟ್ಟಿಯೇ ಅವುಗಳಿಗೆ ಸೂಕ್ತ. ಅದರಲ್ಲಿ 20ರಿಂದ 30 ಸೆಂಟಿಮೀಟರ್ ಆಳಕ್ಕೆ ಕಾಗದದ ಹಾಸನ್ನು ತುಂಬಿ, ನಡುನಡುವೆ ಒಣಹುಲ್ಲನ್ನೂ ಹರಿದ ರಟ್ಟಿನ ಚೂರುಗಳನ್ನೂ ಬೆರೆಸಿ ಕೈಯಿಂದ ಒತ್ತಿದರೆ, ಅವು ತೋಡಿದ ಸುರಂಗಗಳು ಸುಲಭವಾಗಿ ಕುಸಿಯುವುದಿಲ್ಲ. ಸೀಡರ್ ಮರದ ಹೊಟ್ಟಿನ ಘಾಟು ಉಸಿರಾಟಕ್ಕೆ ಒಳ್ಳೆಯದಲ್ಲ, ಅದು ಬೇಡ.

ಹಲವರು ಗಮನಿಸದ, ಆದರೆ ನನ್ನ ಮಟ್ಟಿಗೆ ಅತಿ ಮುಖ್ಯವಾದ ಸಂಗತಿಯೆಂದರೆ, ಮರಳುಸ್ನಾನದ (ಮೈ ಶುಚಿಗೆ ಅವು ಮರಳಿನಲ್ಲಿ ಹೊರಳಾಡುವ) ಪಿಂಗಾಣಿ ಬಟ್ಟಲು, ಓಟದ ಚಕ್ರ ಮುಂತಾದ ಭಾರದ ವಸ್ತುಗಳನ್ನು ಹಾಸಿನ ಮೇಲೆ ಇಡಬಾರದು. ಅಡಿಯಲ್ಲಿ ತೋಡಿದಾಗ ಅವು ಕುಸಿದು ಪ್ರಾಣಿ ಸಿಲುಕಿಕೊಳ್ಳಬಹುದಾದ್ದರಿಂದ, ತೊಟ್ಟಿಯ ತಳದ ಮೇಲೆಯೇ ಕಾಲೂರಿ ನಿಂತ ಮರದ ಅಟ್ಟಣೆಯ ಮೇಲೆ ಇರಿಸಬೇಕು. ಚಕ್ರವು ಕಂಬಿಗಳಿಲ್ಲದೆ, ಸುಮಾರು 28 ಸೆಂಟಿಮೀಟರ್ ವ್ಯಾಸದ್ದಾಗಿರಲಿ. ಪ್ಲಾಸ್ಟಿಕ್ಕಿನದಾದರೆ ಕಡಿದು ಹಾಕುತ್ತವೆ. ತೊಟ್ಟಿಗೆ ನೇರ ಬಿಸಿಲು ತಾಗದಂತೆ ನೋಡಿಕೊಳ್ಳಿ.