ಗಾಳಿ 30 ಡಿಗ್ರಿನೇ ಇದೆ, ಆದ್ರೂ ಯಾಕಿಷ್ಟು ಸೆಕೆ? ಎನರ್ಜಿಪ್ಲಸ್‌ನಲ್ಲಿ ಥರ್ಮಲ್ ಕಂಫರ್ಟ್ ಲೆಕ್ಕ ಹಾಕೋ ಬಗೆ

ಕಟ್ಟಡದ ಒಳಗಿನ ಶಾಖ, ವಿದ್ಯುತ್ತಿನ ಲೆಕ್ಕ ಹಾಕೋ ಸಾಫ್ಟ್‌ವೇರೇ ಎನರ್ಜಿಪ್ಲಸ್. ತುಂಬಾ ರಿಪೋರ್ಟ್‌ಗಳಲ್ಲಿ ರೂಮಿನ ಗಾಳಿಯ ಟೆಂಪರೇಚರ್ ಗ್ರಾಫ್ ಒಂದನ್ನ ಹಾಕಿ "ಆರಾಮಾಗಿದೆ" ಅಂತ ಬರೆದು ಮುಗಿಸಿಬಿಡ್ತಾರೆ, ಅದು ಸಾಲಲ್ಲ. ಮನುಷ್ಯನಿಗೆ ಸೆಕೆನೋ ಚಳಿನೋ ಅನ್ನೋದು ಆರು ವಿಷಯದ ಮೇಲೆ ನಿಂತಿದೆ: ಗಾಳಿಯ ಬಿಸಿ, ಸುತ್ತಲಿನ ಗೋಡೆ-ತಾರಸಿಯ ಬಿಸಿ, ತೇವಾಂಶ, ಗಾಳಿಯ ವೇಗ, ಹಾಕಿರೋ ಬಟ್ಟೆ, ಮಾಡ್ತಿರೋ ಕೆಲಸ. ಡೆನ್ಮಾರ್ಕಿನ ಫ್ಯಾಂಗರ್ 1970ರ ಹೊತ್ತಿಗೆ ಈ ಆರನ್ನೂ ಸೇರಿಸಿ ಕೊಟ್ಟಿದ್ದೇ ಪಿಎಂವಿ, ಅಂದ್ರೆ ಜನರಿಗೆ ಸರಾಸರಿ ಎಷ್ಟು ಸೆಕೆ ಅಥವಾ ಚಳಿ ಅನ್ನಿಸತ್ತೆ ಅನ್ನೋ ಅಂಕಿ. -3 ಅಂದ್ರೆ ನಡುಗೋ ಚಳಿ, +3 ಅಂದ್ರೆ ತಡೆಯಲಾಗದ ಸೆಕೆ, ಸೊನ್ನೆ ಬಂದ್ರೂ ನೂರಕ್ಕೆ ಐದು ಜನ ಸರಿಯಿಲ್ಲ ಅಂತಾರೆ ಅನ್ನೋದು ಪಿಪಿಡಿ, ಅಂದ್ರೆ ನೂರಕ್ಕೆ ಎಷ್ಟು ಜನಕ್ಕೆ ಅತೃಪ್ತಿ ಅನ್ನೋ ಲೆಕ್ಕ.

ನಮ್ಮಲ್ಲಿ ಎಲ್ಲರೂ ಮರೆಯೋದು ಎರಡನೇದನ್ನ, ಅಂದ್ರೆ ಸುತ್ತಲಿನ ಗೋಡೆ, ತಾರಸಿ, ನೆಲದ ಸರಾಸರಿ ಬಿಸಿಯಾದ ಎಂಆರ್‌ಟಿ. ಕಲಬುರಗಿ ಕಡೆ ಆರ್‌ಸಿಸಿ ತಾರಸಿ ಕೆಳಗಿನ ಒಂದು ಆಫೀಸ್ ರೂಮ್ ಇದೆ ಅಂದ್ಕೊಳ್ಳಿ, 4 ಮೀಟರ್ ಉದ್ದ, 4 ಅಗಲ, 3 ಎತ್ತರ. ಮಧ್ಯಾಹ್ನ ಗಾಳಿ 30 ಡಿಗ್ರಿ, ತಾರಸಿಯ ಒಳಮೈ 39, ಗೋಡೆ ಮತ್ತು ನೆಲ 31. ತಾರಸಿ 16 ಚದರ ಮೀಟರ್, ಉಳಿದಿದ್ದೆಲ್ಲ ಸೇರಿ 64, ಹಾಗಾಗಿ ವಿಸ್ತೀರ್ಣದ ಪ್ರಕಾರ ಸರಾಸರಿ ತೆಗೆದ್ರೆ ಎಂಆರ್‌ಟಿ 32.6. ಗಾಳಿಯ ವೇಗ ಕಮ್ಮಿ ಇದ್ದಾಗ ಗಾಳಿ ಮತ್ತು ಎಂಆರ್‌ಟಿ ಎರಡರ ಸರಾಸರಿನೇ ಆಪರೇಟಿವ್ ಟೆಂಪರೇಚರ್, ಅದು 31.3. ಗೋಡೆ ಮೇಲಿನ ಥರ್ಮಾಮೀಟರ್ 30 ಅಂದ್ರೂ ಮೈಗೆ ತಾಗೋದು ಈ 31.3.

ಈಗ ಸಾಫ್ಟ್‌ವೇರಿಗೆ ಬರೋಣ. ರೂಮಿನ ಜನರ ವಿವರ ಕೊಡೋ ಪೀಪಲ್ ಆಬ್ಜೆಕ್ಟ್ ಓಪನ್ ಮಾಡಿ. ಆಕ್ಟಿವಿಟಿ ಶೆಡ್ಯೂಲ್‌ಗೆ ಮೆಟ್ (ಕೆಲಸಕ್ಕೆ ತಕ್ಕಂತೆ ಮೈ ಹುಟ್ಟಿಸೋ ಶಾಖದ ಅಳತೆ) ಅಲ್ಲ, ಒಬ್ಬರಿಗೆ ಎಷ್ಟು ವ್ಯಾಟ್ ಅಂತ ಕೊಡಬೇಕು, ಇಲ್ಲೇ ಜಾಸ್ತಿ ಜನ ಎಡವೋದು. 1 ಮೆಟ್ ಅಂದ್ರೆ ಚದರ ಮೀಟರಿಗೆ 58.2 ವ್ಯಾಟ್, ಮೈಯ ವಿಸ್ತೀರ್ಣ 1.8 ಹಿಡಿದ್ರೆ ಕೂತು ಕೆಲಸ ಮಾಡೋ 1.2 ಮೆಟ್‌ಗೆ ಸುಮಾರು 126 ವ್ಯಾಟ್. ಬರೀ 1.2 ಅಂತ ಹಾಕಿದ್ರೆ ಕಂಫರ್ಟ್ ಅಷ್ಟೇ ಅಲ್ಲ, ಜನರಿಂದ ರೂಮಿಗೆ ಬರೋ ಶಾಖದ ಲೆಕ್ಕನೂ ಪೂರ್ತಿ ಹಾಳು, ಯಾಕಂದ್ರೆ ಎರಡಕ್ಕೂ ಅದೇ ಶೆಡ್ಯೂಲ್. ಬಟ್ಟೆಗೆ ಪ್ಯಾಂಟು, ಅರ್ಧ ತೋಳಿನ ಶರ್ಟು ಅಂದ್ರೆ 0.57 ಕ್ಲೋ (ಬಟ್ಟೆ ಶಾಖ ತಡೆಯೋ ಅಳತೆ) ಹತ್ತಿರ, ಟೆಂಪ್ಲೇಟಿನಲ್ಲಿ ಬರೋ ಚಳಿಗಾಲದ 1.0 ಕ್ಲೋ ಕಲಬುರಗಿಗೆ ಯಾವ ತಿಂಗಳಲ್ಲೂ ಬೇಡ. ಗಾಳಿಯ ವೇಗವನ್ನ ಎನರ್ಜಿಪ್ಲಸ್ ತಾನಾಗೇ ಲೆಕ್ಕ ಹಾಕಲ್ಲ, ನೀವು ಕೊಟ್ಟಿದ್ದೇ ಅದಕ್ಕೆ ಗೊತ್ತಿರೋದು, ಹಂಗಾಗಿ ಫ್ಯಾನ್ ಇದ್ರೆ ಅದನ್ನ ಶೆಡ್ಯೂಲಲ್ಲಿ ಹೇಳಿ. ಎಂಆರ್‌ಟಿಗೆ ಇಡೀ ರೂಮಿನ ಸರಾಸರಿ ತಗೊಳ್ಳೋ ಆಪ್ಷನ್ ಸಾಮಾನ್ಯವಾಗಿ ಸಾಕು, ಆದ್ರೆ ಪಶ್ಚಿಮದ ಗಾಜಿನ ಪಕ್ಕದಲ್ಲೇ ಟೇಬಲ್ ಇರೋರಿಗೆ ಸರ್ಫೇಸ್ ವೆಯ್ಟೆಡ್ ಹಾಕಿ, ಆ ಗಾಜಿಗೆ ಅರ್ಧ ತೂಕ ಸಿಗತ್ತೆ.

ಮಾಡೆಲ್ ಯಾವುದು? ಎಸಿ ಹಾಕಿ ಮುಚ್ಚಿದ ರೂಮಿಗೆ ಫ್ಯಾಂಗರ್. ಕಿಟಕಿ ತೆಗೆದು ಫ್ಯಾನ್ ಹಾಕ್ಕೊಂಡು ಕೂರೋ ಕಡೆ ಅಡಾಪ್ಟಿವ್ ಮಾಡೆಲ್ ಬೇಕು, ಯಾಕಂದ್ರೆ ಹೊರಗಿನ ಹವೆಗೆ ನಮ್ಮ ಮೈ ಒಗ್ಗಿಕೊಂಡಿರತ್ತೆ. ಹೊರಗಿನ ಸರಾಸರಿ 30 ಇದ್ದಾಗ ಅಮೆರಿಕದ ಆಶ್ರೇ 55 ಮಾನದಂಡದ ಸೂತ್ರ, ಅಂದ್ರೆ 0.31 × 30 + 17.8, ಕೊಡೋದು 27.1; ನೂರಕ್ಕೆ 80 ಜನ ಒಪ್ಪೋ ಮೇಲ್ಮಿತಿ 30.6. ನಮ್ಮ ರೂಮ್ ಫೇಲ್. ಅದೇ ಭಾರತದ ಅಡಾಪ್ಟಿವ್ ಮಾಡೆಲ್ ಆದ ಐಮ್ಯಾಕ್ ಸೂತ್ರದಲ್ಲಿ 0.54 × 30 + 12.83, ಅಂದ್ರೆ 29.03, ಅದಕ್ಕೆ 2.38 ಕೂಡಿಸಿದ್ರೆ 90 ಜನ ಒಪ್ಪೋ ಮೇಲ್ಮಿತಿನೇ 31.4, ಕೂದಲೆಳೆಯಲ್ಲಿ ಪಾಸ್. ಐಮ್ಯಾಕ್‌ಗೆ ಸರ್ವೆ ಮಾಡಿದ ಊರುಗಳಲ್ಲಿ ಬೆಂಗಳೂರೂ ಇದೆ, ಕಟ್ಟಡಗಳ ಇಂಧನ ಉಳಿತಾಯದ ಭಾರತದ ಸಂಹಿತೆಯಾದ 2017ರ ಇಸಿಬಿಸಿಯಲ್ಲೂ ಇದೇ ಸೂತ್ರ, ಅದಕ್ಕೇ ನಮ್ಮ ಆಫೀಸ್ ಕಟ್ಟಡಗಳಿಗೆ ನಾನು ಇದನ್ನೇ ನಂಬ್ತೀನಿ. ಮನೆಗಳಿಗೆ ಐಮ್ಯಾಕ್-ಆರ್ ಬೇರೆ ಇದೆ. ಎನರ್ಜಿಪ್ಲಸ್‌ನಲ್ಲಿ ಆಶ್ರೇ ಅಡಾಪ್ಟಿವ್ ಪೀಪಲ್ ಆಬ್ಜೆಕ್ಟಲ್ಲೇ ಸಿಗತ್ತೆ. ಐಮ್ಯಾಕ್ ಬೇಕಂದ್ರೆ ಗಂಟೆಗಂಟೆಯ ಆಪರೇಟಿವ್ ಟೆಂಪರೇಚರ್ ತೆಗೆದು, ಹೊರಗಿನ 30 ದಿನದ ರನ್ನಿಂಗ್ ಸರಾಸರಿ ಜೊತೆ ಎಕ್ಸೆಲಲ್ಲಿ ಹೋಲಿಸಿ. ಜನ ಇರೋ ಗಂಟೆಗಳನ್ನ ಮಾತ್ರ ಎಣಿಸಿ, ರಾತ್ರಿ ಖಾಲಿ ಆಫೀಸಿನ ತಂಪನ್ನ ಸೇರಿಸಿದ್ರೆ ಅಂಕಿ ಸುಮ್ಮನೆ ಚೆಂದ ಕಾಣತ್ತೆ.

ಆಮೇಲೆ ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣ ಹಾಕಿ ಇನ್ನೊಂದು ಸಲ ರನ್ ಮಾಡಿ. ಒಳಮೈ 39ರಿಂದ 34ಕ್ಕೆ ಇಳೀತು ಅಂದ್ರೆ ಎಂಆರ್‌ಟಿ 31.6 ಆಗತ್ತೆ, ಗಾಳಿ 30ರಲ್ಲೇ ಇದ್ರೂ ಆಪರೇಟಿವ್ 30.8ಕ್ಕೆ ಬರತ್ತೆ. ಬರೀ ಗಾಳಿಯ ಗ್ರಾಫ್ ತೋರಿಸಿದ್ರೆ ಮಾಲೀಕರಿಗೆ ಈ ಅರ್ಧ ಡಿಗ್ರಿ ಕಾಣೋದೇ ಇಲ್ಲ, ಅದಕ್ಕೆ ಎರಡೂ ರನ್‌ನ ಆಪರೇಟಿವ್ ಗ್ರಾಫನ್ನ ಐಮ್ಯಾಕ್ ಮೇಲ್ಮಿತಿ ಗೆರೆ ಜೊತೆ ಒಂದೇ ಪುಟದಲ್ಲಿ ಕೊಡಿ.