ಬ್ರೌಸರ್ ಅಪ್‌ಡೇಟ್ ಬಂದಿದೆ, ಈಗಲೇ ಹಾಕಬೇಕೇ? ಬೆರಳಗುರುತಿನ ಯಂತ್ರ, ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್ ಇರುವ ಕಚೇರಿಯಲ್ಲಿ ನಾನು ಅನುಸರಿಸುವ ಕ್ರಮ

ಜಿಎಸ್‌ಟಿ ರಿಟರ್ನ್ಸ್, ಬೆರಳಚ್ಚು ಕೊಟ್ಟು ಆಧಾರ್ ದೃಢೀಕರಣ ಮಾಡಬೇಕಾದ ಅರ್ಜಿಗಳು, ಡಿಎಸ್‌ಸಿ ಹಾಕಿ ಕಳಿಸುವ ಕಾಗದಪತ್ರ, ಈ ಮೂರೂ ನಡೆಯುವ ಕಚೇರಿಯ 11 ಸಿಸ್ಟಮ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ವಿಡಿಯೊ ನೋಡುವ ಲ್ಯಾಪ್‌ಟಾಪ್‌ಗೆ ಇಲ್ಲಿ ಬರೆದಿರುವ ಯಾವುದೂ ಬೇಡ. ಅಪ್‌ಡೇಟ್ ಬಂದ ದಿನವೇ ಹಾಕಿ, ಮರೆತುಬಿಡಿ. ಬ್ರೌಸರ್ ತನ್ನ ಪಾಡಿಗೆ ಪುಟ ತೋರಿಸಿದರೆ ಸಾಲದು, ಪಕ್ಕದಲ್ಲಿರುವ ಸಾಧನದ ಜೊತೆ ಮಾತಾಡಲೂ ಬೇಕು ಎನ್ನುವ ಕಡೆ ಮಾತ್ರ ಯೋಚಿಸುವ ಕೆಲಸವಿದೆ.

ಮೊದಲು ನಂಬರ್ ಓದುವುದನ್ನು ರೂಢಿಸಿಕೊಳ್ಳಬೇಕು. ಕ್ರೋಮ್‌ನಲ್ಲಿ 142.0.7444.59 ಎಂಬಂತೆ ನಾಲ್ಕು ತುಂಡುಗಳಿರುತ್ತವೆ. ಮೊದಲ ತುಂಡು ಬದಲಾದರೆ ಅದು ದೊಡ್ಡ ಆವೃತ್ತಿ, ಹೊಸ ನಡವಳಿಕೆಗಳು ಬರುವುದು ಅದರಲ್ಲೇ. ಕೊನೆಯ ತುಂಡು ಮಾತ್ರ ಬದಲಾಗಿದ್ದರೆ ಅದು ರಿಪೇರಿ. 2021ರ 94ನೇ ಆವೃತ್ತಿಯಿಂದ ದೊಡ್ಡವು ನಾಲ್ಕು ವಾರಕ್ಕೊಮ್ಮೆ ಬರತೊಡಗಿದವು. 2023ರ 116ರಿಂದ ಭದ್ರತಾ ರಿಪೇರಿಗಳು ವಾರಕ್ಕೊಮ್ಮೆ. ಕಚೇರಿಗಳಿಗೆಂದೇ ದೀರ್ಘಕಾಲ ಬೆಂಬಲ ಕೊಡುವ ಫೈರ್‌ಫಾಕ್ಸ್ ಇಎಸ್‌ಆರ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ 140 ಸುಮಾರು ಒಂದು ವರ್ಷ ಹಾಗೇ ಇರುತ್ತದೆ, 140.4, 140.5 ಎಂದು ಚುಕ್ಕೆಯ ನಂತರದ್ದು ಮಾತ್ರ ಏರುತ್ತದೆ, ಅವೆಲ್ಲ ರಿಪೇರಿಗಳೇ.

ನಂಬರ್ ನೋಡಲು ಹೋಗಿ ಎಷ್ಟೋ ಜನ ಅಪ್‌ಡೇಟನ್ನೇ ಹಾಕಿಕೊಳ್ಳುತ್ತಾರೆ. ಕ್ರೋಮ್‌ನ 'ಅಬೌಟ್ ಗೂಗಲ್ ಕ್ರೋಮ್' ಪುಟ ತೆರೆದ ಕೂಡಲೇ ಅದು ಹೊಸದನ್ನು ಹುಡುಕಿ ಇಳಿಸಿಕೊಳ್ಳಲು ಶುರುಮಾಡುತ್ತದೆ. ಬರೀ ನಂಬರ್ ಬೇಕಿದ್ದರೆ ವಿಳಾಸದ ಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ವರ್ಷನ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದೇ ಸಾಲಿನ ಎರಡು ಸಿಸ್ಟಮ್‌ಗಳಲ್ಲಿ ಬೇರೆ ಬೇರೆ ನಂಬರ್ ಕಂಡರೆ ಗಾಬರಿ ಬೇಡ. 110ನೇ ಆವೃತ್ತಿಯಿಂದ ಹೊಸದನ್ನು ಒಂದು ವಾರ ಮೊದಲೇ ಕೆಲವೇ ಬಳಕೆದಾರರಿಗೆ ಬಿಡುವ ಪದ್ಧತಿ ಇದೆ.

ರಿಪೇರಿ ಬಂದರೆ ನನ್ನಲ್ಲಿ ಚರ್ಚೆಯೇ ಇಲ್ಲ, ಅದೇ ದಿನ ಸಂಜೆ ಎಲ್ಲ 11ಕ್ಕೂ. ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ 142ರ ಉದಾಹರಣೆ ಸಾಕು. ಅದು 2025ರ ಅಕ್ಟೋಬರ್ 28ರಂದು ಬಂತು. ನವೆಂಬರ್ 17ರಂದು ಅದಕ್ಕೆ 175 ಎಂದು ಮುಗಿಯುವ ರಿಪೇರಿ ಬಂತು, ಆಗಲೇ ದಾಳಿಕೋರರು ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಎಂಜಿನ್ನಿನ ದೋಷವೊಂದನ್ನು ಮುಚ್ಚಲು. 'ಹೊಸದು ಬೇಡಪ್ಪ, 141ರಲ್ಲೇ ಇರೋಣ' ಎಂದು ಕೂತವರಿಗೆ ಆ ರಿಪೇರಿ ದಕ್ಕಲಿಲ್ಲ. ಬ್ಯಾಂಕ್ ಪಾಸ್‌ವರ್ಡ್, ಗ್ರಾಹಕರ ಪ್ಯಾನ್, ಆಧಾರ್ ಎಲ್ಲ ಹಾಯ್ದುಹೋಗುವ ಸಿಸ್ಟಮ್‌ನಲ್ಲಿ ಅದು ದುಬಾರಿ ಜಾಣತನ.

ದೊಡ್ಡ ಆವೃತ್ತಿಯದ್ದೇ ಬೇರೆ ವಿಷಯ. ಡೊಮೈನ್‌ಗೆ, ಅಂದರೆ ಕೇಂದ್ರ ಸರ್ವರ್‌ನ ಹಿಡಿತಕ್ಕೆ, ಸೇರಿಸದ ಸಣ್ಣ ಕಚೇರಿಯ ಸಿಸ್ಟಮ್‌ಗಳಲ್ಲಿ ಕ್ರೋಮನ್ನು 'ಒಂದು ವಾರ ತಡಿ' ಎಂದು ನಿಲ್ಲಿಸಲು ಸರಿಯಾದ ದಾರಿಯೇ ಇಲ್ಲ. ಎಂಟು ವಾರಕ್ಕೊಮ್ಮೆ ಮಾತ್ರ ಬದಲಾಗುವ ಎಕ್ಸ್‌ಟೆಂಡೆಡ್ ಸ್ಟೇಬಲ್ ಇದೆ, ಆದರೆ ಅದು ಕೇಂದ್ರದಿಂದ ನಿರ್ವಹಿಸುವ ಸಿಸ್ಟಮ್‌ಗಳಿಗೆ. ನಮ್ಮಲ್ಲಿ ಅಪ್‌ಡೇಟ್ ಹಿನ್ನೆಲೆಯಲ್ಲಿ ಇಳಿದು ಕೂತಿರುತ್ತದೆ, ರಾತ್ರಿ ಸಿಸ್ಟಮ್ ಬಂದ್ ಮಾಡಿ ಬೆಳಿಗ್ಗೆ ಹಚ್ಚಿದರೆ ಹೊಸದೇ ತೆರೆಯುತ್ತದೆ. ಮೂಲೆಯ ಬಟನ್ ಹಸಿರಾದರೆ ಅಪ್‌ಡೇಟ್ ಬಂದು ಎರಡು ದಿನವೂ ಆಗಿಲ್ಲ, ಕಿತ್ತಳೆಯಾದರೆ ಸುಮಾರು ನಾಲ್ಕು ದಿನ, ಕೆಂಪಾದರೆ ವಾರ ಕಳೆದಿದೆ ಎಂದರ್ಥ. ಸರ್ವೀಸಸ್‌ಗೆ ಹೋಗಿ ಗೂಗಲ್ ಅಪ್‌ಡೇಟ್ ಸೇವೆಯನ್ನು ಡಿಸೇಬಲ್ ಮಾಡುವ ಚಟ ನಮ್ಮ ಕಡೆಯ ಹಾರ್ಡ್‌ವೇರ್ ಹುಡುಗರಲ್ಲಿ ಬಹಳ. ಮಾಡಿದವರಿಗೆ ಮರೆತುಹೋಗುತ್ತದೆ, ಸಿಸ್ಟಮ್ ಎರಡು ವರ್ಷ ಹಳೇ ಆವೃತ್ತಿಯಲ್ಲೇ ಉಳಿಯುತ್ತದೆ.

ಹಾಗಾಗಿ ನಾನು ಹಿಂದೆ ನಿಂತು ತಡೆಯಲು ಹೋಗುವುದಿಲ್ಲ, ಮುಂದೆ ಹೋಗಿ ನೋಡುತ್ತೇನೆ. ಒಂದೇ ಒಂದು ಸಿಸ್ಟಮ್‌ನಲ್ಲಿ ಕ್ರೋಮ್ ಬೀಟಾ ಹಾಕಿಟ್ಟಿದ್ದೇನೆ. ಅದು ಮಾಮೂಲಿ ಕ್ರೋಮ್ ಪಕ್ಕದಲ್ಲೇ ತನ್ನದೇ ಪ್ರೊಫೈಲ್‌ನೊಂದಿಗೆ (ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ಸ್ ಇರುವ ಫೋಲ್ಡರ್) ಕೂರುತ್ತದೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಮುಂದೆ ಬರಲಿರುವ ದೊಡ್ಡ ಆವೃತ್ತಿ ಅದರಲ್ಲಿ ವಾರಗಳ ಮೊದಲೇ ಸಿಗುತ್ತದೆ. ತಿಂಗಳಿಗೊಮ್ಮೆ 25 ನಿಮಿಷ ಕೊಟ್ಟರೆ ಏನು ಮುರಿಯಲಿದೆ ಎಂದು ತಿಳಿಯುತ್ತದೆ. ನಿಜವಾದ ರಿಟರ್ನ್ ಅದರಲ್ಲಿ ಸಲ್ಲಿಸುವುದಿಲ್ಲ, ಲಾಗಿನ್ ಆಗಿ ಸಾಧನ ಸಿಗುತ್ತದೆಯೇ ಎಂದು ನೋಡುವವರೆಗೆ ಮಾತ್ರ.

ಪರೀಕ್ಷೆಯಲ್ಲಿ ಮೊದಲ ಸರದಿ ಬೆರಳಗುರುತಿನ ಯಂತ್ರದ್ದು, ಏಕೆಂದರೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಆಧಾರ್ ದೃಢೀಕರಣದ ಯಂತ್ರಕ್ಕೆ ಆರ್‌ಡಿ ಸರ್ವೀಸ್ ಎಂಬ ತಂತ್ರಾಂಶ ಇರುತ್ತದೆ. ಅದು ಅದೇ ಸಿಸ್ಟಮ್‌ನ 127.0.0.1 ವಿಳಾಸದಲ್ಲಿ, 11100ರಿಂದ 11120ರೊಳಗಿನ ಒಂದು ಪೋರ್ಟಿನಲ್ಲಿ (ತಂತ್ರಾಂಶಗಳು ಮಾತಾಡುವ ನಂಬರ್ ಹಾಕಿದ ಬಾಗಿಲು) ಕಾದು ಕೂತಿರುತ್ತದೆ. ವೆಬ್ ಪುಟ ಆ ಪೋರ್ಟ್‌ಗಳನ್ನು ಒಂದೊಂದಾಗಿ ತಟ್ಟಿ 'ಯಾರಿದ್ದೀರಿ' ಎಂದು ಕೇಳುತ್ತದೆ. ಸರ್ವೀಸ್ 'ರೆಡಿ' ಅಥವಾ 'ನಾಟ್‌ರೆಡಿ' ಎಂದು ಉತ್ತರಿಸುತ್ತದೆ. ಆಮೇಲೆ ಕ್ಯಾಪ್ಚರ್, ಆಗ ಯಂತ್ರದ ದೀಪ ಹತ್ತುತ್ತದೆ. ಅಂದರೆ ಎಲ್ಲೋ ದೂರದ ಸರ್ವರ್‌ನಿಂದ ಬಂದ ಪುಟವೊಂದು ನಿಮ್ಮ ಸಿಸ್ಟಮ್‌ನ ಒಳಗೇ ಕೈಹಾಕುತ್ತಿದೆ. ನಮಗೆ ಅದು ಅನುಕೂಲ. ಆದರೆ ಕಳ್ಳ ಪುಟವೂ ಇದೇ ದಾರಿಯಲ್ಲಿ ನಿಮ್ಮ ರೂಟರ್, ಪ್ರಿಂಟರ್ ತಡಕಾಡಬಹುದು.

ಕ್ರೋಮ್ 142 ಈ ಬಾಗಿಲಿಗೆ ಚಿಲಕ ಹಾಕಿತು. ಹೊರಗಿನ ಪುಟ 127.0.0.1 ಅಥವಾ ಕಚೇರಿಯ ಒಳನೆಟ್‌ವರ್ಕ್ ಮುಟ್ಟಲು ಹೋದರೆ, ನೆಟ್‌ವರ್ಕ್‌ನಲ್ಲಿರುವ ಸಾಧನ ಹುಡುಕಿ ಸಂಪರ್ಕಿಸಲು ಅನುಮತಿ ಕೊಡುತ್ತೀರಾ ಎಂಬ ಚೌಕ ಎಡಮೇಲೆ ಏಳುತ್ತದೆ. ಕೌಂಟರಿನಲ್ಲಿ ಎದುರಿಗೆ ಹತ್ತು ಜನ ನಿಂತಿರುವಾಗ ಆಪರೇಟರ್ ಅದನ್ನು ಓದುವುದಿಲ್ಲ, ಜಾಹೀರಾತಿನ ನೋಟಿಫಿಕೇಶನ್ ಇರಬೇಕೆಂದು 'ಬ್ಲಾಕ್' ಒತ್ತುತ್ತಾರೆ. ಅಲ್ಲಿಂದ ಮುಂದೆ ಪುಟದಲ್ಲಿ ಬರುವುದು 'ಡಿವೈಸ್ ನಾಟ್ ಫೌಂಡ್' ಅಷ್ಟೇ. ಬ್ರೌಸರ್ ತಡೆದಿದೆ ಎಂಬ ಸುಳಿವೇ ಪುಟದಲ್ಲಿ ಇರುವುದಿಲ್ಲ. ಯಂತ್ರ ಕಿತ್ತು ಹಾಕುವುದು, ಡ್ರೈವರ್ ಮತ್ತೆ ಹಾಕುವುದು, ಕೇಬಲ್ ಬದಲಿಸುವುದು, ಹೀಗೆ ಅರ್ಧ ದಿನ ಹೋಗುತ್ತದೆ.

ಬಿಡಿಸುವುದು ಎರಡು ನಿಮಿಷದ ಕೆಲಸ. ಅದೇ ಪುಟ ತೆರೆದಿಟ್ಟು ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಅನುಮತಿಗಳ ಪಟ್ಟಿಯಲ್ಲಿ 142ರಲ್ಲಿ 'ಲೋಕಲ್ ನೆಟ್‌ವರ್ಕ್ ಆಕ್ಸೆಸ್' ಎಂದಿದ್ದ ಅನುಮತಿ ಹುಡುಕಿ 'ಅಲೋ' ಮಾಡಿ, ಪುಟ ರೀಲೋಡ್ ಮಾಡಿ. ಒಂದು ಷರತ್ತಿದೆ: ಪುಟ ಎಚ್‌ಟಿಟಿಪಿಎಸ್ ಆಗಿರಬೇಕು. ಬರೀ ಎಚ್‌ಟಿಟಿಪಿಯಲ್ಲಿ ನಡೆಯುವ ಹಳೇ ಪೋರ್ಟಲ್ ಆದರೆ ಅನುಮತಿಯ ಪ್ರಶ್ನೆಯೇ ಏಳದೆ ನೇರವಾಗಿ ತಡೆ ಬೀಳುತ್ತದೆ. ಅದನ್ನು ಪೋರ್ಟಲ್‌ನವರೇ ಸರಿಪಡಿಸಬೇಕು, ನೀವು ಸಹಾಯವಾಣಿಗೆ ಬರೆಯುವಾಗ 'ಕ್ರೋಮ್ 142ರ ನಂತರ ಲೋಕಲ್ ನೆಟ್‌ವರ್ಕ್ ತಡೆ' ಎಂದೇ ಬರೆಯಿರಿ. 'ಫಿಂಗರ್ ಬರ್ತಿಲ್ಲ' ಎಂದು ಬರೆದರೆ ಡ್ರೈವರ್ ಮತ್ತೆ ಹಾಕಿ ಎಂಬ ಉತ್ತರವೇ ಬರುತ್ತದೆ.

ತಪ್ಪು ಬ್ರೌಸರಿನದೋ ಯಂತ್ರದ್ದೋ ಎಂದು ಬೇರ್ಪಡಿಸಲು ಅದೇ ಪುಟವನ್ನು ಫೈರ್‌ಫಾಕ್ಸ್ ಇಎಸ್‌ಆರ್‌ನಲ್ಲಿ ತೆರೆಯುತ್ತೇನೆ. ಅಲ್ಲಿ ನಡೆದರೆ ದೋಷ ಕ್ರೋಮ್‌ನ ಅನುಮತಿಯಲ್ಲಿ. ಎರಡರಲ್ಲೂ ನಡೆಯದಿದ್ದರೆ ಆರ್‌ಡಿ ಸರ್ವೀಸ್ ಓಡುತ್ತಿಲ್ಲ, ಇಲ್ಲವೇ ಯಂತ್ರದ ನೋಂದಣಿಯ ಅವಧಿ ಮುಗಿದಿದೆ, ಬ್ರೌಸರ್ ಮುಟ್ಟಬೇಡಿ. ಈ ಹೋಲಿಕೆಗೆ ಎಡ್ಜ್ ಬಳಸುವುದರಲ್ಲಿ ಅರ್ಥವಿಲ್ಲ. ಅದರೊಳಗಿರುವುದೂ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ, ಅಲ್ಲಿ ಬಂದ ಬದಲಾವಣೆ ಸ್ವಲ್ಪ ಹಿಂದೆಮುಂದೆ ಇಲ್ಲಿಗೂ ಬರುತ್ತದೆ. ಎಡ್ಜ್ ನನಗೆ ಬೇಕಾಗುವುದು ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬರೆದ ಪೋರ್ಟಲ್‌ಗಳಿಗೆ ಮಾತ್ರ. ಅದರ ಐಇ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ.

ಡಿಎಸ್‌ಸಿಯಲ್ಲಿ ಅಪ್‌ಡೇಟ್ ಮೇಲೆ ಬರುವ ಅರ್ಧ ದೂರು ಸುಳ್ಳು ದೂರು. ಸಹಿ ಹಾಕುವ ತಂತ್ರಾಂಶವೂ 127.0.0.1ರಲ್ಲೇ ಕೂರುತ್ತದೆ, ಬಹಳಷ್ಟು ಸಲ ತಾನೇ ಸಹಿ ಮಾಡಿಕೊಂಡ ಸರ್ಟಿಫಿಕೇಟಿನೊಂದಿಗೆ, ಅದನ್ನು ಬ್ರೌಸರ್ ತಾನಾಗಿ ನಂಬುವುದಿಲ್ಲ. ಮೊದಲ ಸಲ ಆ ವಿಳಾಸ ತೆರೆದು, ಎಚ್ಚರಿಕೆಯ ಪುಟದಲ್ಲಿ 'ಅಡ್ವಾನ್ಸ್‌ಡ್' ಒತ್ತಿ, 'ಪ್ರೊಸೀಡ್' ಕೊಟ್ಟು ದಾರಿ ಮಾಡಿರುತ್ತೀರಿ. ಕ್ರೋಮ್ ಈ ಒಪ್ಪಿಗೆಯನ್ನು ನೆನಪಿಡುವುದು ಒಂದು ವಾರ. ಕಳೆದ ಸೋಮವಾರ ನಡೆದದ್ದು ಈ ಮಂಗಳವಾರ ನಿಂತರೆ, ನಡುವೆ ಅಪ್‌ಡೇಟ್ ಬಂದಿದ್ದರೂ ಕಾರಣ ಅದಲ್ಲ. ಅದೇ ವಿಳಾಸಕ್ಕೆ ಹೋಗಿ ಮತ್ತೆ ಒಪ್ಪಿಗೆ ಕೊಡಿ. ಫೈರ್‌ಫಾಕ್ಸ್ ಇದನ್ನು ಪ್ರೊಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಪ್ರೊಫೈಲ್ ಹೊಸದಾದರೆ ಮಾತ್ರ ಮತ್ತೆ ಕೇಳುತ್ತದೆ.

ಉಳಿದ ಪರೀಕ್ಷೆ ಚಿಕ್ಕದು. ರಸೀದಿ ಹೊಸ ಕಿಟಕಿಯಲ್ಲಿ ತೆರೆಯುವ ಪೋರ್ಟಲ್‌ನಲ್ಲಿ ಪಾಪ್‌ಅಪ್ ಅನುಮತಿ, ಎ4 ಪ್ರಿಂಟ್‌ನಲ್ಲಿ ಸ್ಕೇಲ್ 100, ಮೇಲೆ ಕೆಳಗೆ ಬರುವ ದಿನಾಂಕ ಮತ್ತು ವಿಳಾಸದ ಸಾಲು ಬಂದ್. ಕನ್ನಡಕ್ಕೆ ಒಂದು ಸಾಲು ಇಟ್ಟುಕೊಂಡಿದ್ದೇನೆ: 'ಕಾರ್ಯ, ರ‍್ಯಾಂಕ್, ಜ್ಞಾನ, ರಾಷ್ಟ್ರೀಯ, ಕ್ಷೇತ್ರ'. ಅರ್ಜಿಯ ಹೆಸರಿನ ಜಾಗದಲ್ಲಿ ಇದನ್ನು ಟೈಪ್ ಮಾಡಿ, ಪಿಡಿಎಫ್ ತೆಗೆದು, ಹಾಳೆಗೂ ಇಳಿಸಿ ನೋಡುತ್ತೇನೆ. 'ಕಾರ್ಯ'ದಲ್ಲಿ ಅರ್ಕಾವೊತ್ತು ಬರಬೇಕು, 'ರ‍್ಯಾಂಕ್'ನಲ್ಲಿ ಪೂರ್ತಿ ರ ನಿಂತು ಕೆಳಗೆ ಯ ವತ್ತು ಬರಬೇಕು. ಎರಡರಲ್ಲೂ ಅರ್ಕಾವೊತ್ತೇ ಬಂದರೆ ನಡುವಿನ ಕಾಣದ ಜೋಡಕ ಅಕ್ಷರ ಎಲ್ಲೋ ಉದುರಿದೆ. ಹೆಚ್ಚಾಗಿ ಅದನ್ನು ಉದುರಿಸುವುದು ಪೋರ್ಟಲ್, ಬ್ರೌಸರ್ ಅಲ್ಲ. ಹೆಸರು ತಪ್ಪಾಗಿ ಮುದ್ರಣವಾದ ಪ್ರಮಾಣಪತ್ರ ತಿದ್ದಿಸಲು ಎಷ್ಟು ಅಲೆಯಬೇಕೆಂದು ಗೊತ್ತಿರುವವರಿಗೆ ಈ ಒಂದು ನಿಮಿಷ ಹೆಚ್ಚಲ್ಲ.

ದಿನಾಂಕವನ್ನೂ ನೋಡಬೇಕು. ಜಿಎಸ್‌ಟಿಯ ತಿಂಗಳ ರಿಟರ್ನ್ಸ್‌ನಲ್ಲಿ ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. 9ರಿಂದ 11, 18ರಿಂದ 20 ಈ ಆರು ದಿನ ನಾನಾಗಿ ಯಾವ ದೊಡ್ಡ ಬದಲಾವಣೆಗೂ ಕೈಹಾಕುವುದಿಲ್ಲ. ಕ್ರೋಮ್ ತಾನೇ ಬದಲಾದರೆ ಆ ದಿನಗಳಲ್ಲಿ ಸಹಿ ಕೆಲಸ ಫೈರ್‌ಫಾಕ್ಸ್‌ಗೆ.

ಹಳೇ ಆವೃತ್ತಿಗೆ ವಾಪಸ್ ಹೋಗುವ ಯೋಚನೆ ಬಿಡುವುದು ಒಳ್ಳೆಯದು. ಕ್ರೋಮ್‌ನ ಹಳೇ ಇನ್‌ಸ್ಟಾಲರ್ ಎಂದು ಸಿಕ್ಕಸಿಕ್ಕ ಸೈಟಿನಿಂದ ಇಳಿಸುವುದು ಅಪ್‌ಡೇಟ್‌ಗಿಂತ ದೊಡ್ಡ ಅಪಾಯ. ಫೈರ್‌ಫಾಕ್ಸ್‌ನಲ್ಲಿ ಹಳೆಯದು ಸಿಗುತ್ತದೆ, ಆದರೆ 67ನೇ ಆವೃತ್ತಿಯಿಂದ ಅದು ಹೊಸದು ಮುಟ್ಟಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡು ಎನ್ನುತ್ತದೆ. ಆದ್ದರಿಂದ ಒಂದು ಇಎಸ್‌ಆರ್‌ನಿಂದ ಮುಂದಿನ ಇಎಸ್‌ಆರ್‌ಗೆ ಹೋಗುವ ಮುನ್ನ ಪ್ರೊಫೈಲ್ ಫೋಲ್ಡರ್ ನಕಲು ತೆಗೆದಿಡುತ್ತೇನೆ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ 'ಓಪನ್ ಫೋಲ್ಡರ್' ಇದೆ. ಒತ್ತಿ, ಫೈರ್‌ಫಾಕ್ಸ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಹೆಸರು ಹೋಗಿದೆಯೇ ನೋಡಿ, ಆಮೇಲೆ ಇಡೀ ಫೋಲ್ಡರ್ ನಕಲು ಮಾಡಿ. ತೆರೆದಿರುವಾಗಲೇ ನಕಲು ಮಾಡಿದರೆ ಬುಕ್‌ಮಾರ್ಕ್ ಕಡತ ಅರ್ಧಂಬರ್ಧ ಬರುತ್ತದೆ. ಪಾಸ್‌ವರ್ಡ್‌ಗಳು ಎರಡು ಕಡತಗಳಲ್ಲಿ ಹಂಚಿಕೊಂಡಿರುತ್ತವೆ, ಒಂದರಲ್ಲಿ ಬೀಗ, ಇನ್ನೊಂದರಲ್ಲಿ ಕೀ. ಒಂದನ್ನೇ ಒಯ್ದರೆ ಉಪಯೋಗವಿಲ್ಲ. ವಿಂಡೋಸ್‌ನಲ್ಲಿ ಕ್ರೋಮ್ ಫೋಲ್ಡರ್ ನಕಲು ಮಾಡಿ ಬೇರೆ ಸಿಸ್ಟಮ್‌ಗೆ ಹಾಕಿದರೆ ಪಾಸ್‌ವರ್ಡ್ ಬರುವುದೇ ಇಲ್ಲ, ಅವುಗಳ ಕೀ ಆ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತದೆ.

ಕೊನೆಗೆ, ಆಯ್ಕೆಯೇ ಇಲ್ಲದ ಸಿಸ್ಟಮ್‌ಗಳು. ವಿಂಡೋಸ್ 7 ಮತ್ತು 8.1ಕ್ಕೆ ಕ್ರೋಮ್ 109 ಕಡೆಯದು, 2023ರ ಫೆಬ್ರವರಿಯ 110ಕ್ಕೆ ವಿಂಡೋಸ್ 10 ಬೇಕು. ಫೈರ್‌ಫಾಕ್ಸ್ 115 ಇಎಸ್‌ಆರ್ ಅವುಗಳಿಗೆ ಕೊನೆಯ ಆಸರೆ, ಅದರ ಅವಧಿಯನ್ನು ಮೊಜಿಲ್ಲಾ ಹಲವು ಸಲ ಮುಂದೂಡಿತು. ಅದರಲ್ಲೂ 115.13ಕ್ಕಿಂತ ಹಿಂದಿನದು ಬೇಡ, 2025ರ ಮಾರ್ಚ್ 14ರಂದು ಒಂದು ಮೂಲ ಸರ್ಟಿಫಿಕೇಟ್ ಅವಧಿ ಮುಗಿದು ಅವುಗಳಲ್ಲಿ ಆಡ್‌ಆನ್‌ಗಳಿಗೆ ತೊಂದರೆ ಬರುವಂತಾಯಿತು. ಇಂಥ ಒಂದು ಸಿಸ್ಟಮ್ ನಮ್ಮಲ್ಲೂ ಉಳಿದಿದೆ, ಹಳೇ ಸ್ಕ್ಯಾನರ್‌ಗೆ ಬೇರೆ ಡ್ರೈವರ್ ಇಲ್ಲದ ಕಾರಣಕ್ಕೆ. ಅದರಲ್ಲಿ ಸ್ಕ್ಯಾನ್ ಮಾಡುವುದು, ಪೆನ್‌ಡ್ರೈವ್‌ಗೆ ಹಾಕುವುದು, ಅಷ್ಟೇ. ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟಿದ್ದೇನೆ.

ಆಪರೇಟರ್‌ಗಳಿಗೆ ಹೇಳಿಟ್ಟಿರುವುದು ಎರಡೇ ಮಾತು. ಪುಟದ ಒಳಗೆ 'ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ' ಎಂದು ಬಂದು ಫೈಲ್ ಇಳಿಯತೊಡಗಿದರೆ ಅದು ಮೋಸ, ನಿಜವಾದ ಅಪ್‌ಡೇಟ್ ಬರುವುದು ಬ್ರೌಸರಿನ ಮೆನುವಿನಲ್ಲಿ. ವಿಳಾಸದ ಕೆಳಗೆ ಅನುಮತಿಯ ಚೌಕ ಎದ್ದರೆ ಏನನ್ನೂ ಒತ್ತದೆ ನನ್ನನ್ನು ಕರೆಯಿರಿ.